ಕಾಕ್ಲಿಯರ್ ಇಂಪ್ಲಾಂಟ್ ಕಥೆಯಲ್ಲಿ ಅಮ್ಮ ಎಲ್ಲಿ, ಮನೆಮಾತು ಎಲ್ಲಿ?

ಪುಣೆ, ಹೈದರಾಬಾದ್, ಚೆನ್ನೈ ಕಡೆ ಇರೋ ನಮ್ಮ ಕನ್ನಡದ ಮನೆಗಳಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮಕ್ಕಳಿದ್ದಾರೆ. ಆ ಅಪ್ಪ ಅಮ್ಮಂದಿರಿಗೆ ಬೇಗನೆ ಎದುರಾಗೋ ಪ್ರಶ್ನೆ ಒಂದಿದೆ: ಮಗುವಿನ ಹತ್ತಿರ ಕನ್ನಡ ಮಾತಾಡಬೇಕಾ, ಬೇಡವಾ? ಹೊರಗೆ ಮರಾಠಿ ಅಥವಾ ತೆಲುಗು, ಶಾಲೆಯಲ್ಲಿ ಇಂಗ್ಲಿಷ್, ಥೆರಪಿಸ್ಟ್ ಹೇಳೋದು "ಒಂದೇ ಭಾಷೆ ಇಟ್ಟುಕೊಳ್ಳಿ" ಅಂತ. ಇದು ಡಾಕ್ಟರಿಗೆ ಬಿಟ್ಟ ವಿಷಯ ಅಂತ ಅನ್ನಿಸಬಹುದು. ಆದರೆ ಈ "ಒಂದೇ ಭಾಷೆ" ಅನ್ನೋ ಮಾತು ಎಲ್ಲಿಂದ ಬಂತು ಅಂತ ನೋಡೋಕೆ ಹೊರಟರೆ ಇಂಪ್ಲಾಂಟಿನ ಇಡೀ ಇತಿಹಾಸವನ್ನೇ ಒಂದು ಸುತ್ತು ಹಾಕಬೇಕಾಗುತ್ತೆ. ಇವತ್ತು ಅದನ್ನೇ ಮಾಡೋಣ.

ಶುರು ಮಾಡಿದವನು ಬ್ಯಾಟರಿ ಕಂಡುಹಿಡಿದ ಅಲೆಸ್ಸಾಂಡ್ರೊ ವೋಲ್ಟಾ. ಎರಡು ಲೋಹದ ಕಡ್ಡಿಗಳನ್ನು ತನ್ನ ಎರಡೂ ಕಿವಿಗೆ ಇಟ್ಟುಕೊಂಡು ಕರೆಂಟ್ ಹರಿಸಿಕೊಂಡ. ತಲೆಗೆ ಏಟು ಬಿದ್ದ ಹಾಗಾಯಿತಂತೆ. ಆಮೇಲೆ ಗಟ್ಟಿಯಾದ ಏನೋ ಒಂದು ಕೊತಕೊತ ಕುದಿಯೋ ಶಬ್ದ ಕೇಳಿಸಿತಂತೆ. 1800ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಇದನ್ನು ಬರೆದು ಕಳಿಸಿದ. ಮತ್ತೆ ಮತ್ತೆ ಮಾಡಿಕೊಳ್ಳೋ ಧೈರ್ಯ ಅವನಿಗೂ ಇರಲಿಲ್ಲ!

ಅಲ್ಲಿಂದ ಸೀದಾ 1957ಕ್ಕೆ ಬರಬಹುದು. ಪ್ಯಾರಿಸ್‌ನಲ್ಲಿ ಆಂಡ್ರೆ ಜುರ್ನೊ, ಶಾರ್ಲ್ ಎರಿಯೆಸ್ ಅನ್ನೋ ಇಬ್ಬರು ಸೇರಿ ಪೂರ್ತಿ ಕಿವುಡಾಗಿದ್ದ ಒಬ್ಬ ರೋಗಿಯ ಶ್ರವಣ ನರಕ್ಕೆ ನೇರವಾಗಿ ವಿದ್ಯುತ್ ಕೊಟ್ಟರು. ಶಬ್ದ ಕೇಳಿಸಿತು, ಆದರೆ ಸಾಧನ ಬಹಳ ದಿನ ಬಾಳಲಿಲ್ಲ. ಈ ಸುದ್ದಿ ಲಾಸ್ ಏಂಜಲೀಸ್‌ನ ವಿಲಿಯಂ ಹೌಸ್ ಅನ್ನೋ ವೈದ್ಯರಿಗೆ ತಲುಪಿದ್ದು ಒಬ್ಬ ರೋಗಿ ತಂದುಕೊಟ್ಟ ಪತ್ರಿಕೆಯ ತುಣುಕಿನಿಂದ. 1961ರಲ್ಲಿ ಅವರೂ ಮಾಡಿದರು. ಅವರದು ಒಂದೇ ಚಾನೆಲ್ಲಿನ ಸಾಧನ. ಬಾಗಿಲು ಬಡಿದದ್ದು, ಹಾರ್ನ್ ಹೊಡೆದದ್ದು ಗೊತ್ತಾಗುತ್ತಿತ್ತು, ತುಟಿ ನೋಡಿ ಅರ್ಥ ಮಾಡಿಕೊಳ್ಳೋಕೆ ಸಹಾಯ ಆಗುತ್ತಿತ್ತು. ಬರೀ ಕೇಳಿ ಮಾತು ಅರ್ಥವಾಗೋದು ತೀರಾ ಕಷ್ಟ ಇತ್ತು.

ನಿಜವಾದ ತಿರುವು ಆಸ್ಟ್ರೇಲಿಯಾದಲ್ಲಿ. ಕ್ಯಾಮ್ಡೆನ್ ಅನ್ನೋ ಊರಲ್ಲಿ ಒಂದು ಔಷಧಿ ಅಂಗಡಿ. ಅಂಗಡಿಯವರಿಗೆ ಕಿವಿ ಸರಿಯಾಗಿ ಕೇಳಿಸೋದಿಲ್ಲ. ಔಷಧಿ ಅಂಗಡಿಗೆ ಬಂದವರು ತಮ್ಮ ಕಾಯಿಲೆಯನ್ನು ಮೆತ್ತಗೆ ಹೇಳ್ತಾರೆ, ಇವರು "ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ" ಅನ್ನಬೇಕು. ಪಕ್ಕದಲ್ಲಿ ನಿಂತ ಮಗನಿಗೆ ಮುಜುಗರ. ಆ ಹುಡುಗನೇ ಗ್ರೇಮ್ ಕ್ಲಾರ್ಕ್. ದೊಡ್ಡವನಾಗಿ ಕಿವಿ ಮೂಗು ಗಂಟಲಿನ ಸರ್ಜನ್ ಆದರು. ಒಳಕಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿಕೊಂಡಿರುತ್ತೆ. ಅದರೊಳಗೆ ತಂತಿಯನ್ನು ಗಾಯ ಮಾಡದೆ ತಳ್ಳೋದು ಹೇಗೆ ಅನ್ನೋದೇ ತೊಡಕಾಗಿತ್ತು. 1977ರಲ್ಲಿ ಸಮುದ್ರದ ದಂಡೆಗೆ ಹೋದಾಗ ಒಂದು ಶಂಖದಂಥ ಚಿಪ್ಪು ಸಿಕ್ಕಿತು. ಅಲ್ಲೇ ಇದ್ದ ಹುಲ್ಲಿನ ಎಸಳನ್ನು ಅದರೊಳಗೆ ತೂರಿಸಿ ನೋಡಿದರು. ತುದಿ ಮೆತ್ತಗೆ, ಬುಡ ಬರಬರುತ್ತ ಗಟ್ಟಿ ಇರೋ ಎಸಳು ಸುರುಳಿಯಲ್ಲಿ ಸಲೀಸಾಗಿ ಒಳಗೆ ಹೋಯಿತು. ಎಲೆಕ್ಟ್ರೋಡ್ ಕೂಡ ಹಾಗೇ ಇರಬೇಕು ಅಂತ ಹೊಳೆಯಿತು.

1978ರ ಆಗಸ್ಟ್ 1ರಂದು ಮೆಲ್ಬರ್ನ್‌ನಲ್ಲಿ ರಾಡ್ ಸಾಂಡರ್ಸ್ ಅನ್ನೋರಿಗೆ ಹಲವು ಚಾನೆಲ್ಲಿನ ಇಂಪ್ಲಾಂಟ್ ಹಾಕಿದರು. ಆಮೇಲಿನ ಪರೀಕ್ಷೆಯಲ್ಲಿ ರಾಷ್ಟ್ರಗೀತೆ ನುಡಿಸಿದಾಗ ಅವರು ಎದ್ದು ನಿಂತರಂತೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1977ರ ಡಿಸೆಂಬರಿನಲ್ಲಿ, ವಿಯೆನ್ನಾದಲ್ಲಿ ಇಂಗೆಬೊರ್ಗ್ ಮತ್ತು ಎರ್ವಿನ್ ಹೋಖ್‌ಮೈರ್ ದಂಪತಿ ಮಾಡಿದ ಸಾಧನವನ್ನೂ ಹಾಕಲಾಗಿತ್ತು.

ನಮ್ಮಲ್ಲಿ ಸಿಗ್ನಲ್ ಪ್ರಾಸೆಸಿಂಗ್ ಓದಿದವರು ಬಹಳ ಜನ ಇದ್ದೀರಿ, ಇದು ನಿಮಗೆ ರುಚಿಸಬಹುದು. ಆರೋಗ್ಯವಂತ ಒಳಕಿವಿಯಲ್ಲಿ ಶಬ್ದವನ್ನು ನರಕ್ಕೆ ಮುಟ್ಟಿಸೋ ರೋಮಕೋಶಗಳು ಸುಮಾರು 3,500. ಇಂಪ್ಲಾಂಟಿನಲ್ಲಿ ಇರೋದು ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ಎಲೆಕ್ಟ್ರೋಡ್. ಅಷ್ಟರಲ್ಲೇ ಮಾತನ್ನು ಹೇಗೆ ತುಂಬೋದು? ಅಮೆರಿಕದ ಬ್ಲೇಕ್ ವಿಲ್ಸನ್ ತಂಡ 1991ರಲ್ಲಿ ಉತ್ತರ ಕೊಟ್ಟಿತು. ಶಬ್ದವನ್ನು ಫಿಲ್ಟರುಗಳಲ್ಲಿ ಬೇರೆಬೇರೆ ಮಾಡಿ, ಪ್ರತಿಯೊಂದರ ಏರಿಳಿತವನ್ನು ಮಾತ್ರ ತೆಗೆದುಕೊಂಡು, ಎಲೆಕ್ಟ್ರೋಡುಗಳಿಗೆ ಒಂದಾದ ಮೇಲೊಂದು ಕಳಿಸೋದು. ಒಟ್ಟಿಗೆ ಕಳಿಸಿದರೆ ಒಂದರ ಕರೆಂಟ್ ಇನ್ನೊಂದಕ್ಕೆ ಕಲಸಿಹೋಗುತ್ತೆ. ಈ ವಿಧಾನವನ್ನು ಅವರು ಯಾರು ಬೇಕಾದರೂ ಬಳಸಿಕೊಳ್ಳೋ ಹಾಗೆ ಬಿಟ್ಟುಕೊಟ್ಟರು. ಕ್ಲಾರ್ಕ್, ಇಂಗೆಬೊರ್ಗ್ ಹೋಖ್‌ಮೈರ್, ವಿಲ್ಸನ್ ಮೂವರಿಗೂ 2013ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು.

ಸಾಮಾನ್ಯವಾಗಿ ಈ ಇತಿಹಾಸ ಇಲ್ಲಿಗೆ ಮುಗಿಯುತ್ತೆ. ಸರ್ಜನ್, ಎಂಜಿನಿಯರ್, ಪ್ರಶಸ್ತಿ. ನನ್ನ ತಕರಾರು ಇಲ್ಲೇ. ರಾಡ್ ಸಾಂಡರ್ಸ್ ದೊಡ್ಡವರು. ಅಪಘಾತದಲ್ಲಿ ಕಿವಿ ಹೋಗಿತ್ತು, ಆದರೆ ತಲೆಯೊಳಗೆ ಭಾಷೆ ಇತ್ತು. ಹುಟ್ಟಿನಿಂದ ಕೇಳಿಸದ ಮಗುವಿಗೆ ಸ್ವಿಚ್ ಆನ್ ಮಾಡಿದ ದಿನ ಕೇಳಿಸೋದು ಬರೀ ಸದ್ದು. ಯೂಟ್ಯೂಬಿನಲ್ಲಿ ಮಗು ಅಮ್ಮನ ದನಿ ಕೇಳಿ ನಗೋ ವಿಡಿಯೋಗಳನ್ನು ನೋಡಿರ್ತೀರಿ. ಎಷ್ಟೋ ಮಕ್ಕಳು ಆ ದಿನ ಬೆಚ್ಚಿಬಿದ್ದು ಅಳ್ತಾರೆ, ಅದನ್ನು ಯಾರೂ ಫಾರ್ವರ್ಡ್ ಮಾಡೋದಿಲ್ಲ. ಆ ಸದ್ದು ಮಾತಾಗಬೇಕಾದರೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ಮೆಷಿನ್ ಕಿವಿಯ ಮೇಲಿರಬೇಕು, ಎದುರಿಗೆ ಯಾರೋ ಮಾತಾಡುತ್ತಾ ಇರಬೇಕು. ಆ "ಯಾರೋ" ಹೆಚ್ಚಿನ ಮನೆಗಳಲ್ಲಿ ಅಮ್ಮ.

ಅಮೆರಿಕದಲ್ಲಿ 2 ವರ್ಷ ದಾಟಿದ ಮಕ್ಕಳಿಗೆ ಹಲವು ಚಾನೆಲ್ಲಿನ ಇಂಪ್ಲಾಂಟ್ ಹಾಕೋಕೆ ಒಪ್ಪಿಗೆ ಸಿಕ್ಕಿದ್ದು 1990ರಲ್ಲಿ. ಆ ವಯಸ್ಸು 2000ದಲ್ಲಿ 12 ತಿಂಗಳಿಗೆ, 2020ರಲ್ಲಿ 9 ತಿಂಗಳಿಗೆ ಇಳಿಯಿತು. ಅವಸರಕ್ಕೆ ಕಾರಣ ಇದೆ. ಅನು ಶರ್ಮಾ ಮತ್ತು ಸಂಗಡಿಗರು 2002ರಲ್ಲಿ 104 ಮಕ್ಕಳ ಮಿದುಳಿನ ಪ್ರತಿಕ್ರಿಯೆ ಅಳೆದರು. ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದ ಹೆಚ್ಚಿನ ಮಕ್ಕಳ ಮಿದುಳು ಸುಮಾರು ಆರು ತಿಂಗಳ ಬಳಕೆಯಲ್ಲೇ ವಯಸ್ಸಿಗೆ ತಕ್ಕ ಹಾಗೆ ಸ್ಪಂದಿಸುತ್ತಿತ್ತು. ಏಳು ವರ್ಷ ದಾಟಿದ ಮೇಲೆ ಹಾಕಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಹಾಗಾಗಲಿಲ್ಲ. ಅಂದರೆ ಗಡಿಯಾರ ಓಡ್ತಾ ಇದೆ, ಮತ್ತು ಅದು ಓಡೋದು ಮನೆಯಲ್ಲಿ.

ಮನೆಯೇ ಶಾಲೆ ಅನ್ನೋ ಈ ವಿಚಾರ ಇಂಪ್ಲಾಂಟಿಗಿಂತ ಹಳೆಯದು. ಹಾಲಿವುಡ್ ನಟ ಸ್ಪೆನ್ಸರ್ ಟ್ರೇಸಿ ಗೊತ್ತಲ್ಲ? ಅವರ ಮಗ ಜಾನ್‌ಗೆ ಕಿವಿ ಕೇಳುತ್ತಿರಲಿಲ್ಲ. ತಾಯಿ ಲೂಯಿಸ್ ತಾವೇ ಕಲಿಸಿದರು, ಆಮೇಲೆ 1942ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬೇರೆ ತಾಯಂದಿರಿಗಾಗಿ ಕ್ಲಿನಿಕ್ ತೆರೆದರು. ಬರೋಕಾಗದವರಿಗೆ ಪಾಠಗಳನ್ನು ಪುಕ್ಕಟೆ ಅಂಚೆಯಲ್ಲಿ ಕಳಿಸುತ್ತಿದ್ದರು. ನಮ್ಮಲ್ಲಿ ಚೆನ್ನೈನ ಬಾಲ ವಿದ್ಯಾಲಯ 1969ರಿಂದ ತೀರಾ ಚಿಕ್ಕ ಮಕ್ಕಳನ್ನು ತೆಗೆದುಕೊಂಡು ತಾಯಂದಿರನ್ನೂ ಕೂರಿಸಿಕೊಂಡು ಕಲಿಸುತ್ತಾ ಬಂದಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಮ್ಮವರ ಬಾಯಲ್ಲಿ "ಐಶ್", ನಿಮಗೆ ಗೊತ್ತೇ ಇರುತ್ತೆ. ಅದೇ ಮೈಸೂರಿನಲ್ಲಿ ಕಿವಿ ಕೇಳದ ಮಕ್ಕಳ ಪೋಷಕರ ಸಂಘ ನಡೆಸೋ ಇನ್ನೊಂದು ಶಾಲೆ ಇದೆ, ಅಲ್ಲಿ ವಿದ್ಯಾರ್ಥಿಗಳು ತಾಯಂದಿರು! ಬೇರೆ ಬೇರೆ ಜಿಲ್ಲೆಗಳಿಂದ, ಪಕ್ಕದ ರಾಜ್ಯಗಳಿಂದ ಹೆಂಗಸರು ಮಗುವನ್ನು ಕಟ್ಟಿಕೊಂಡು ಬಂದು ಮೈಸೂರಿನಲ್ಲಿ ಮನೆ ಮಾಡಿ ಕಲಿತಿದ್ದಾರೆ. ಗಂಡ ಊರಲ್ಲಿ, ಹೆಂಡತಿ ಇಲ್ಲಿ. ಯಾವ ವೈದ್ಯಕೀಯ ಇತಿಹಾಸದ ಪುಸ್ತಕದಲ್ಲೂ ಇವರಿಗೆ ಒಂದು ಅಧ್ಯಾಯ ಸಿಗೋದಿಲ್ಲ.

ಇನ್ನು ದುಡ್ಡು. ಭಾರತದಲ್ಲಿ 1990ರ ದಶಕದಲ್ಲಿ ಮುಂಬೈನ ಮಿಲಿಂದ್ ಕೀರ್ತನೆ, ಚೆನ್ನೈನ ಮೋಹನ್ ಕಾಮೇಶ್ವರನ್ ಅವರಂಥ ವೈದ್ಯರು ಈ ಆಪರೇಷನ್ ಬೆಳೆಸಿದಾಗ ಇದು ಮನೆ, ಒಡವೆ ಮಾರಿ ಮಾಡಿಸೋ ಚಿಕಿತ್ಸೆ. ಕೇರಳ 2012ರಲ್ಲಿ ಶ್ರುತಿತರಂಗಂ ಅಂತ ಯೋಜನೆ ತಂದಿತು. ಕೇಂದ್ರದ ಎಡಿಪ್ ಯೋಜನೆ 2014ರಲ್ಲಿ ಪರಿಷ್ಕಾರವಾದಾಗ ವರ್ಷಕ್ಕೆ 500 ಮಕ್ಕಳಿಗೆ, ಒಂದು ಸಾಧನಕ್ಕೆ 6 ಲಕ್ಷ ರೂಪಾಯಿ ಮಿತಿಯಲ್ಲಿ ಇಂಪ್ಲಾಂಟ್ ಸೇರಿತು. ಅದರ ನೋಡಲ್ ಸಂಸ್ಥೆ ಮುಂಬೈ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ. ಐಟಿ ಸಂಬಳದವರಿಗೆ ಇಂಥ ಯೋಜನೆಗಳ ಆದಾಯದ ಮಿತಿ ದಾಟಿಹೋಗಿರುತ್ತೆ. ಕಂಪನಿ ಇನ್ಶೂರೆನ್ಸ್ ಪಾಲಿಸಿಯಲ್ಲಿ ಕಿವಿಯ ಹೊರಗಿನ ಪ್ರೊಸೆಸರ್ ಸೇರಿದೆಯಾ ಅಂತ ಆಪರೇಷನ್‌ಗೆ ಮೊದಲೇ ಓದಿ ನೋಡಿ.

ಯಾಕಂದ್ರೆ ಖರ್ಚು ಆಪರೇಷನ್ನಿಗೆ ಮುಗಿಯಲ್ಲ. ಒಳಗಿನ ಭಾಗ ದಶಕಗಟ್ಟಲೆ ಬಾಳಬಹುದು. ಹೊರಗಿನ ಪ್ರೊಸೆಸರ್ ಹಳತಾದಂತೆ ಕಂಪನಿ ಬಿಡಿಭಾಗ ನಿಲ್ಲಿಸುತ್ತೆ, ಹೊಸದಕ್ಕೆ ಲಕ್ಷಗಟ್ಟಲೆ. ಕೇಬಲ್ ಮುರಿಯುತ್ತೆ, ಮಳೆಗಾಲದಲ್ಲಿ ತೇವ ಹಿಡಿಯುತ್ತೆ, ರಾತ್ರಿ ಮೆಷಿನ್ ಒಣಗೋ ಡಬ್ಬಿಯಲ್ಲೇ ಮಲಗಬೇಕು. ಪ್ಲಾಸ್ಟಿಕ್ ಜಾರುಬಂಡೆಯ ಸ್ಟ್ಯಾಟಿಕ್ ಕರೆಂಟಿಗೆ ಹೆದರಿ ಪಾರ್ಕಿನಲ್ಲಿ ಪ್ರೊಸೆಸರ್ ಬಿಚ್ಚಿಸುತ್ತಿದ್ದ ತಲೆಮಾರೇ ಇದೆ. ತಲೆಯೊಳಗೆ ಅಯಸ್ಕಾಂತ ಇರೋದರಿಂದ ಎಂಆರ್‌ಐ ಅಂದ ಕೂಡಲೇ ಇಂಪ್ಲಾಂಟ್ ಕಾರ್ಡ್ ತೋರಿಸಬೇಕು. 2002ರಲ್ಲಿ ಇಂಪ್ಲಾಂಟ್ ಇರೋರಲ್ಲಿ ಮೆನಿಂಜೈಟಿಸ್ ಅಪಾಯ ಹೆಚ್ಚು ಅಂತ ಎಚ್ಚರಿಕೆ ಬಂದ ಮೇಲೆ ನ್ಯುಮೋಕಾಕಲ್ ಲಸಿಕೆ ಪಟ್ಟಿಗೆ ಸೇರಿತು. ಇನ್ನು ಬೆಳಗ್ಗೆದ್ದು ಮೊದಲ ಕೆಲಸ, ಮೆಷಿನ್ ಹಾಕಿ ಮಗುವಿನ ಹಿಂದೆ ನಿಂತು ಆ, ಊ, ಈ, ಮ್, ಶ್, ಸ್ ಅಂತ ಹೇಳಿ ಕೇಳಿಸ್ತಾ ನೋಡೋದು. ಕೆನಡಾದ ಡೇನಿಯಲ್ ಲಿಂಗ್ ಹೆಸರಿನ ಆರು ಸದ್ದುಗಳ ಪರೀಕ್ಷೆ ಇದು. ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಮೊದಲು ಅಡುಗೆಮನೆಯಲ್ಲೇ ಮುಗಿಯುತ್ತೆ.

ಎಲ್ಲರೂ ಇದನ್ನು ಸಂತೋಷದಿಂದ ಸ್ವಾಗತಿಸಲಿಲ್ಲ ಅನ್ನೋದನ್ನೂ ಹೇಳಬೇಕು. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ ಸನ್ನೆ ಭಾಷೆ ಬೇಡ, ಮಾತೇ ಸಾಕು ಅಂತ ನಿರ್ಣಯ ಮಾಡಿತು. ಆಮೇಲೆ ಎಷ್ಟೋ ತಲೆಮಾರುಗಳ ಮಕ್ಕಳಿಗೆ ಶಾಲೆಯಲ್ಲಿ ಕೈ ಆಡಿಸೋದೇ ಅಪರಾಧವಾಯಿತು. ಅದೇ ಸಮ್ಮೇಳನದ ಪರಂಪರೆಯವರು 2010ರಲ್ಲಿ ವ್ಯಾಂಕೂವರ್‌ನಲ್ಲಿ ಇದಕ್ಕೆ ವಿಷಾದ ವ್ಯಕ್ತಪಡಿಸಿದರು. ಆ ನೋವು ಇದ್ದವರಿಗೆ ಇಂಪ್ಲಾಂಟ್ ಹಳೇ ಹಟದ ಹೊಸ ರೂಪವಾಗಿ ಕಂಡಿದ್ದು ಸಹಜ. ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ 1991ರಲ್ಲಿ ಮಕ್ಕಳಿಗೆ ಹಾಕೋದನ್ನು ಖಂಡಿಸಿತು, 2000ದಲ್ಲಿ ನಿಲುವು ಸಡಿಲಿಸಿ ಇದೂ ಒಂದು ಆಯ್ಕೆ ಅಂದಿತು. ನನ್ನ ಮಟ್ಟಿಗೆ ಇಂಪ್ಲಾಂಟ್ ಮತ್ತು ಸನ್ನೆ ಶತ್ರುಗಳಲ್ಲ. ಮೆಷಿನ್ ಬಿಚ್ಚಿಟ್ಟ ರಾತ್ರಿಯಲ್ಲಿ, ಈಜುಕೊಳದಲ್ಲಿ, ಬ್ಯಾಟರಿ ಮುಗಿದ ರೈಲಿನಲ್ಲಿ ಮಗು ಮತ್ತೆ ಕಿವುಡ ಮಗುವೇ.

ಈಗ ನಮ್ಮ ಪ್ರಶ್ನೆ. ಒಂದೇ ಭಾಷೆ ಅನ್ನೋ ಸಲಹೆ ಹಳೇ ಮಿಲಾನಿನ ತಮ್ಮನ ಹಾಗೆ ನನಗೆ ಕಾಣುತ್ತೆ. ಮಗುವಿಗೆ ಕಷ್ಟ ಇದೆ, ಹಾಗಾಗಿ ಭಾಷೆಯನ್ನು ಕಡಿಮೆ ಮಾಡು. ಮಾತಿನ ಥೆರಪಿಯ ಬಹಳಷ್ಟು ವಿಧಾನ, ಪುಸ್ತಕ, ಚಿತ್ರಪಟ ರೂಪುಗೊಂಡಿದ್ದು ಇಂಗ್ಲಿಷ್ ಒಂದನ್ನೇ ಆಡೋ ಮನೆಗಳನ್ನು ಕಣ್ಣಮುಂದೆ ಇಟ್ಟುಕೊಂಡು. ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ಅನ್ನೋ ನಮ್ಮ ಬದುಕು ಅಲ್ಲಿ ಅಪವಾದ, ಇಲ್ಲಿ ಅದೇ ನಿಯಮ. ನಮ್ಮಲ್ಲೂ ಶಾಲಾ ಮಂಡಳಿಗಳು ಒಳ್ಳೆಯ ಉದ್ದೇಶದಿಂದಲೇ ರಿಯಾಯಿತಿ ಕೊಟ್ಟವು. ಸಿಬಿಎಸ್‌ಇಯಲ್ಲಿ ಶ್ರವಣದೋಷ ಇರೋ ವಿದ್ಯಾರ್ಥಿ ಎರಡರ ಬದಲು ಒಂದೇ ಭಾಷೆ ತೆಗೆದುಕೊಳ್ಳಬಹುದು. ಪರೀಕ್ಷೆಯ ಮಟ್ಟಿಗೆ ಅದು ದೊಡ್ಡ ಉಪಕಾರ. ಆದರೆ ಪರೀಕ್ಷೆಯ ರಿಯಾಯಿತಿ ಅಡುಗೆಮನೆಯ ಕಾನೂನಾದರೆ ಏನಾಗುತ್ತೆ? ಧಾರವಾಡದ ಕನ್ನಡದಲ್ಲಿ ಜೀವಮಾನ ಮಾತಾಡಿದ ಅಮ್ಮ ಮಗುವಿನ ಮುಂದೆ "ಕಮ್ ಹಿಯರ್, ಸಿಟ್ ಡೌನ್, ಈಟ್" ಅನ್ನೋ ಮೂರು ಮಾತಿಗೆ ಇಳಿಯುತ್ತಾಳೆ. ಗದರೋದು, ಮುದ್ದು ಮಾಡೋದು, ಕಥೆ ಕಟ್ಟೋದು ಎಲ್ಲ ಅವಳಿಗೆ ಬರೋದು ಕನ್ನಡದಲ್ಲಿ. ಮಗುವಿನ ಕಿವಿಗೆ ಬೀಳಬೇಕಾದ ಮಾತೇ ಅರ್ಧಕ್ಕರ್ಧ ಕಡಿಮೆ ಆಗುತ್ತೆ.

ಸಂಶೋಧನೆ ಕೂಡ ಆ ಸಲಹೆಯಿಂದ ದೂರ ಸರಿದಿದೆ. 2016ರಲ್ಲಿ ಹ್ಯೂಸ್ಟನ್‌ನ ಒಂದು ತಂಡ ಮನೆಯಲ್ಲಿ ಸ್ಪ್ಯಾನಿಷ್ ಆಡೋ 20 ಮಕ್ಕಳನ್ನು ಹೋಲಿಸಿತು. ಎಲ್ಲರೂ ಇಂಪ್ಲಾಂಟ್ ಅಥವಾ ಹಿಯರಿಂಗ್ ಏಡ್ ಹಾಕಿದವರು. ಎರಡೂ ಭಾಷೆಯಲ್ಲಿ ನೆರವು ಸಿಕ್ಕ ಮಕ್ಕಳು ಬರೀ ಇಂಗ್ಲಿಷ್ ನೆರವು ಸಿಕ್ಕವರಿಗಿಂತ ಇಂಗ್ಲಿಷಿನಲ್ಲೇ ಮುಂದಿದ್ದರು. ಚಿಕ್ಕ ಅಧ್ಯಯನ, ಇದೊಂದರಿಂದಲೇ ಎಲ್ಲ ತೀರ್ಮಾನ ಆಗಲ್ಲ. ಎಲ್ಲ ಮಕ್ಕಳೂ ಒಂದೇ ಥರ ಇರಲ್ಲ. ತಡವಾಗಿ ಇಂಪ್ಲಾಂಟ್ ಆದವರಿಗೆ, ಜೊತೆಗೆ ಬೇರೆ ತೊಂದರೆ ಇರೋರಿಗೆ ಥೆರಪಿಸ್ಟ್ ಜೊತೆ ಕೂತೇ ನಿರ್ಧರಿಸಬೇಕು. ಆದರೂ ಕೇಳಬೇಕಾದ ಪ್ರಶ್ನೆ "ಯಾವ ಭಾಷೆ ಬಿಡಲಿ?" ಅನ್ನೋದಲ್ಲ, "ನಾನು ಯಾವ ಭಾಷೆಯಲ್ಲಿ ದಿನವಿಡೀ ನಿಲ್ಲಿಸದೆ ಮಾತಾಡಬಲ್ಲೆ?" ಅನ್ನೋದು. ಬೆಲೆ, ಬೆಳೆ, ಹಲ್ಲಿ, ಹಳ್ಳಿ. ಇಪ್ಪತ್ತೆರಡು ಎಲೆಕ್ಟ್ರೋಡಿನ ಕಿವಿಗೆ ಈ ಲ ಮತ್ತು ಳ ಕಷ್ಟವೇ. ಹೊಲ ತೋರಿಸಿ ಬೆಳೆ, ಅಂಗಡಿಯಲ್ಲಿ ಬೆಲೆ ಅಂತ ನೂರು ಸಲ ಹೇಳೋರು ಮನೆಯಲ್ಲಿದ್ದರೆ ಬರುತ್ತೆ.

2017ರಿಂದ ಐಫೋನಿನ ಕರೆ ನೇರವಾಗಿ ಪ್ರೊಸೆಸರಿಗೇ ಹೋಗೋ ಇಂಪ್ಲಾಂಟುಗಳು ಬಂದಿವೆ. ಹುಬ್ಬಳ್ಳಿಯಲ್ಲಿ ಕೂತ ಅಜ್ಜಿ ವಿಡಿಯೋ ಕಾಲ್ ಮಾಡಿದರೆ ಟಿವಿ ಸದ್ದು, ಕುಕ್ಕರ್ ಸೀಟಿಯ ಮೇಲೆ ಹಾದುಬರದೆ ಅವರ ದನಿ ಸೀದಾ ಮೊಮ್ಮಗಳ ತಲೆಯೊಳಗೆ ಹೋಗುತ್ತೆ. "ಊಟ ಆತೇನವ್ವಾ?" ಅಂತ ಅಜ್ಜಿ ಕೇಳ್ತಾರೆ. ಉತ್ತರ ಯಾವ ಭಾಷೆಯಲ್ಲಿ ಬರುತ್ತೆ ಅನ್ನೋದು ಆ ಮನೆಯಲ್ಲಿ ಇಷ್ಟು ವರ್ಷ ಯಾವ ಮಾತು ನಡೆದಿತ್ತು ಅನ್ನೋದರ ಮೇಲೆ.

ಮುಂದಿನ ಕಂತಿನಲ್ಲಿ ಭಾರತದ ಸನ್ನೆ ಭಾಷೆಯ ಕಥೆ.