ವಿದ್ಯಾರ್ಥಿ ಕಿರುಚಿತ್ರಗಳಲ್ಲಿ ಕ್ಯಾಮೆರಾ ಮತ್ತು ಸಂಕಲನ: ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ನಿದರ್ಶನಗಳೊಡನೆ

ಸಿನಿಮಾ ಶಾಲೆಗಳಲ್ಲಿ, ಪತ್ರಿಕೋದ್ಯಮ ವಿಭಾಗಗಳಲ್ಲಿ ಅಥವಾ ಸಾಮಾನ್ಯ ಪದವಿ ಕಾಲೇಜುಗಳಲ್ಲಿ ಓದುವವರು ಕಲಿಕೆಯ ಭಾಗವಾಗಿ ತಯಾರಿಸುವ ಚಿತ್ರಗಳಿಗೆ ವಿದ್ಯಾರ್ಥಿ ಕಿರುಚಿತ್ರಗಳೆಂದು ಹೆಸರು. ಹೆಸರಾಂತ ನಟರು, ಸೆಟ್ಟು, ಹಣ ಯಾವುದೂ ಇಲ್ಲದ ಇಂಥ ಚಿತ್ರಗಳಲ್ಲಿ ಅರ್ಥ ಮೂಡಿಸುವ ಭಾರ ಬಹುಪಾಲು ಎರಡು ತೀರ್ಮಾನಗಳ ಮೇಲೆ ಬೀಳುತ್ತದೆ: ಕ್ಯಾಮೆರಾವನ್ನು ಎಲ್ಲಿ ಇಡುವುದು, ಶಾಟನ್ನು ಎಲ್ಲಿ ಕತ್ತರಿಸಿ ಯಾವುದಕ್ಕೆ ಜೋಡಿಸುವುದು. ಸಂಭಾಷಣೆ ಬರೆಯುವಷ್ಟೇ ಯೋಚನೆ ಈ ಎರಡಕ್ಕೂ ಬೇಕು. ಹೆಚ್ಚಿನ ಮೊದಲ ಚಿತ್ರಗಳು ಸೋಲುವುದು ಸಂಭಾಷಣೆಗೆ ಎಲ್ಲವನ್ನೂ ಒಪ್ಪಿಸಿ ಕ್ಯಾಮೆರಾವನ್ನು ಬರಿಯ ಸಾಕ್ಷಿಯಾಗಿ ನಿಲ್ಲಿಸುವುದರಿಂದ.

1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಗೆ ಕನ್ನಡ ಚಿತ್ರರಂಗದ ನಂಟು ಹಳೆಯದು. ಡಾ. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಕೊಳ್ಳೇಗಾಲದ ಕಡೆಯವರು. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಜಿಲ್ಲೆಯ ಗಡಿಯಾಚೆ, ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆ. ಆದರೆ ಸಿನಿಮಾ ತಂತ್ರ ಕಲಿಯಬೇಕೆನ್ನುವ ಇಲ್ಲಿನ ಹುಡುಗ ಹುಡುಗಿಯರು ಮೈಸೂರು, ಬೆಂಗಳೂರು, ಪುಣೆಗಳ ದಾರಿ ಹಿಡಿಯಬೇಕು. ಕಥೆಗೆ ಬೇಕಾದ ನೆಲವಂತೂ ಮನೆಬಾಗಿಲಲ್ಲೇ ಇದೆ. ಮುಂಗಾರಿನಲ್ಲಿ ಗುಂಡ್ಲುಪೇಟೆಯ ಹೆದ್ದಾರಿಗಳ ಎರಡೂ ಬದಿ ಚೆಂಡುಹೂವು, ಸೂರ್ಯಕಾಂತಿ, ಮಂಜು ಕವಿದ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಬಂಡೀಪುರದ ಕಾಡು, ಚಾಮರಾಜನಗರದ ಕರಿಕಲ್ಲು ಕ್ವಾರಿಗಳು, ಅರಿಶಿನದ ಕಣಗಳು. ಇಷ್ಟು ಚೆಲುವಿರುವ ಕಡೆ ಚಿತ್ರ ತೆಗೆಯುವುದು ಸುಲಭವೆಂದು ತೋರಬಹುದು. ಚೆಲುವು ಕಥೆಯನ್ನು ನುಂಗಿಬಿಡುವ ಅಪಾಯವೂ ಇಲ್ಲಿಯೇ ಹೆಚ್ಚು.

ಕರ್ನಾಟಕದಲ್ಲಿ ಕಲಿಕೆಯ ಪರಂಪರೆ

ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣ ಕಲಿಸುತ್ತಿದ್ದರು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಓದಿ 1946ರಲ್ಲಿ ಹೊರಬಂದರು. 1962ರಲ್ಲಿ ಗೋವಿಂದ ನಿಹಲಾನಿ. ಆ ವಿಭಾಗವೇ ಮುಂದೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಾಯಿತು. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಹಾಡೊಂದಕ್ಕೆ ಮೂರ್ತಿಯವರು ದೊಡ್ಡ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೊದೊಳಕ್ಕೆ ತಿರುಗಿಸಿ ಬೆಳಕಿನ ಕಂಬವೊಂದನ್ನು ನಿಲ್ಲಿಸಿದರು. ಆ ಬೆಳಕಿನಲ್ಲಿ ನಿಂತ ಇಬ್ಬರ ನಡುವಿನ ದೂರವನ್ನು ಯಾವ ಮಾತೂ ಹೇಳಬೇಕಾಗಲಿಲ್ಲ. ಲೈಟ್ ಬಾಡಿಗೆಗೆ ತರಲಾಗದ ವಿದ್ಯಾರ್ಥಿ ಥರ್ಮಾಕೋಲ್ ಹಲಗೆ ಹಿಡಿದು ಬಿಸಿಲು ತಿರುಗಿಸುವಾಗ ಮಾಡುವುದೂ ಇದೇ ಕೆಲಸ.

ಗಿರೀಶ ಕಾಸರವಳ್ಳಿಯವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಡಿಪ್ಲೊಮಾಗಾಗಿ ಮಾಡಿದ ‘ಅವಶೇಷ್’ ರಾಷ್ಟ್ರಪ್ರಶಸ್ತಿ ಪಡೆಯಿತು. ಅದಾದ ಮೇಲೆ 1977ರಲ್ಲಿ ಬಂದ ‘ಘಟಶ್ರಾದ್ಧ’ ಸ್ವರ್ಣಕಮಲ ಗಳಿಸಿತು. ಯು.ಆರ್. ಅನಂತಮೂರ್ತಿಯವರ ಕಥೆಯಲ್ಲಿರುವಂತೆ ಅಲ್ಲಿಯೂ ನೋಡುವ ಕಣ್ಣು ಪುಟ್ಟ ಹುಡುಗ ನಾಣಿಯದು. ದೊಡ್ಡವರ ಲೋಕದಲ್ಲಿ ಏನು ನಡೆಯುತ್ತಿದೆಯೆಂಬುದು ಅವನಿಗೆ ಅರ್ಧವಷ್ಟೇ ತಿಳಿಯುತ್ತದೆ; ಎಸ್. ರಾಮಚಂದ್ರ ಅವರ ಕ್ಯಾಮೆರಾ ಆ ಅರ್ಧ ತಿಳಿವಳಿಕೆಯ ಜೊತೆಯಲ್ಲೇ ನಡೆಯುತ್ತದೆ. ದೃಷ್ಟಿಕೋನ ಎಂದರೇನು ಎಂದು ಕೇಳುವ ವಿದ್ಯಾರ್ಥಿಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಇತ್ತೀಚಿನ ದೊಡ್ಡ ನಿದರ್ಶನ ಚಿದಾನಂದ ಎಸ್. ನಾಯ್ಕ್ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸಿ ಪುಣೆಯ ಸಂಸ್ಥೆಯ ಟಿವಿ ವಿಭಾಗದ ಒಂದು ವರ್ಷದ ಕೋರ್ಸ್ ಸೇರಿದ ಅವರು ಅಲ್ಲಿ ಮಾಡಿದ ಈ 16 ನಿಮಿಷಗಳ ಚಿತ್ರ 2024ರ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಗೆದ್ದಿತು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದದ್ದರಿಂದ ಸೂರ್ಯನೇ ಹುಟ್ಟದಾದ ಎಂಬುದು ಕನ್ನಡ ಜನಪದ ಕಥೆಯ ಎಳೆ. ಸುರಾಜ್ ಠಾಕೂರ್ ಅವರ ಛಾಯಾಗ್ರಹಣ, ಮನೋಜ್ ವಿ. ಅವರ ಸಂಕಲನ. ಚಿತ್ರೀಕರಣ ನಡೆದದ್ದು ರಾತ್ರಿಗಳಲ್ಲಿ. ಬೆಳಗಾಗದ ಊರಿನ ಕಥೆಗೆ ಕತ್ತಲೆ ಹಿನ್ನೆಲೆಯಾಗಿ ಉಳಿಯದೆ ಘಟನೆಯೇ ಆಗಿಬಿಟ್ಟಿದೆ. ತಂತ್ರ ಮತ್ತು ಕಥೆ ಹೀಗೆ ಒಂದೇ ಮೂಲದಿಂದ ಹೊರಡುವುದು ಅಪರೂಪ.

ಒಂದು ಹೂವಿನ ಹೊಲ, ಎರಡು ಫ್ರೇಮುಗಳು

ಗುಂಡ್ಲುಪೇಟೆಯ ಚೆಂಡುಹೂವಿನ ಹೊಲವನ್ನೇ ತೆಗೆದುಕೊಳ್ಳೋಣ. ಇಲ್ಲಿನ ಹೂವು ಬಣ್ಣ ತೆಗೆಯುವ ಕಾರ್ಖಾನೆಗಳಿಗೂ ಓಣಂ ಹೊತ್ತಿಗೆ ಕೇರಳಕ್ಕೂ ಹೋಗುತ್ತದೆ. ಊಟಿಗೋ ವಯನಾಡಿಗೋ ಹೊರಟ ಪ್ರವಾಸಿಗರು ಕಾರು ನಿಲ್ಲಿಸಿ ಸೆಲ್ಫಿ ತೆಗೆಯುತ್ತಾರೆ. ಕೆಲವು ರೈತರು ಅದಕ್ಕೆ ಹಣ ಕೇಳುವುದೂ ಉಂಟು. ಎದೆಮಟ್ಟದಲ್ಲಿ ವೈಡ್ ಲೆನ್ಸ್ ಹಿಡಿದರೆ ಹೊಲ ಬಣ್ಣದ ಜಮಖಾನೆಯಂತೆ ಹರಡಿಕೊಳ್ಳುತ್ತದೆ, ಕೂಲಿಯವರು ಅದರ ಮೇಲಿನ ಚುಕ್ಕಿಗಳಾಗುತ್ತಾರೆ. ಅದೇ ಕ್ಯಾಮೆರಾವನ್ನು ಮೊಣಕಾಲಿನ ಮಟ್ಟಕ್ಕಿಳಿಸಿ, ಹೂ ಕೀಳುವ ಹೆಂಗಸಿನ ಬೆರಳುಗಳಿಗೆ ಹತ್ತಿರ ಹೋಗಿ ಫೋಕಸ್ ಕಟ್ಟಿದರೆ ಹೂವು ಮಸುಕಾಗಿ ಕೆಲಸ ಎದ್ದು ಕಾಣುತ್ತದೆ. ಮೊದಲನೆಯದು ಪ್ರವಾಸಿಯ ಫ್ರೇಮು, ಎರಡನೆಯದು ಕೂಲಿಯವರದು. ಚಿತ್ರ ಯಾರದೆಂದು ತೀರ್ಮಾನವಾಗದೆ ಎರಡನ್ನೂ ಬೇಕಾಬಿಟ್ಟಿ ಬೆರೆಸಿದರೆ ಅದು ಪ್ರವಾಸೋದ್ಯಮದ ಜಾಹೀರಾತಾಗುತ್ತದೆ. ತೀರ್ಮಾನ ಮಾಡಿ ಬೆರೆಸಿದರೆ ಸಂಗತಿಯೇ ಬೇರೆ: ಸೆಲ್ಫಿಗೆ ನಗುವ ಮುಖ, ತಕ್ಕಡಿಗೇರುವ ಮೂಟೆ, ಮತ್ತೆ ಸೆಲ್ಫಿ, ಮತ್ತೆ ಮೂಟೆ. ಈ ಸಮಾನಾಂತರ ಸಂಕಲನಕ್ಕೆ ಹಿನ್ನೆಲೆ ಮಾತು ಸೇರಿಸಿದರೆ ಕೆಡುತ್ತದೆ.

ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಶತಮಾನದ ಹಿಂದೆ ನಟ ಮೊಸ್‌ಜುಖಿನ್‌ನ ಒಂದೇ ಮುಖಭಾವವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಮೊದಲಾದವುಗಳ ಪಕ್ಕದಲ್ಲಿಟ್ಟು, ನೋಡುಗರು ಪ್ರತಿ ಸಲವೂ ಬೇರೆ ಬೇರೆ ಭಾವ ಓದಿಕೊಳ್ಳುವುದನ್ನು ತೋರಿಸಿದನೆಂಬ ಪ್ರಯೋಗ ಪ್ರಸಿದ್ಧ. ಇದನ್ನು ಯಾವ ತರಗತಿಯಲ್ಲೂ ಒಂದು ಮಧ್ಯಾಹ್ನದಲ್ಲಿ ಮಾಡಿ ನೋಡಬಹುದು. ರೈತನೊಬ್ಬನ ಸುಮ್ಮನಿರುವ ಮುಖ ತೆಗೆದುಕೊಂಡು, ಮುಂದೆ ಒಮ್ಮೆ ಮಂಡಿಯ ಬಿಲ್ಲು, ಒಮ್ಮೆ ಹಾರ ಹಾಕಿದ ಫೋಟೊ, ಒಮ್ಮೆ ಮೋಡ ಕಟ್ಟಿದ ಆಕಾಶ ಇಟ್ಟರೆ ಸಾಕು. ನಟನೆ ಬಾರದವರನ್ನು ಇಟ್ಟುಕೊಂಡು ಚಿತ್ರ ಮಾಡುವವರಿಗೆ ಇದು ದೊಡ್ಡ ಆಸರೆ. ನೆರೆಯ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಹಳ್ಳಿಯವರನ್ನೇ ನಟರನ್ನಾಗಿಸಿ ರಾಮ್ ರೆಡ್ಡಿ ಮಾಡಿದ ‘ತಿಥಿ’ 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆಯಿತು. ಅಳುವಂತೆ, ನಗುವಂತೆ ಒತ್ತಾಯಿಸದೆ, ಅವರು ಇರುವಂತೆಯೇ ಇರಲು ಬಿಟ್ಟದ್ದು ಆ ಚಿತ್ರದ ಗೆಲುವು.

ಬೆಳಕು, ಬಣ್ಣ, ವೇಗ

ಕ್ಯಾಮೆರಾದ ಆಟೊ ವ್ಯವಸ್ಥೆ ಎಲ್ಲವನ್ನೂ ನಡುಬೂದು ಮಟ್ಟಕ್ಕೆ ಎಳೆಯುತ್ತದೆ. ಗೋಪಾಲಸ್ವಾಮಿ ಬೆಟ್ಟದ ಬಿಳಿ ಮಂಜು ಅದರಿಂದ ಕೊಳಕು ಬೂದಾಗುತ್ತದೆ, ಕರಿಕಲ್ಲಿನ ಗೋಡೆ ಬೆಳ್ಳಗೆ ತೇಲಿಹೋಗುತ್ತದೆ. ಮಂಜಿಗೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ, ಕರಿಕಲ್ಲಿಗೆ ಇಳಿಸಿ, ಲಾಕ್ ಮಾಡಿ ತೆಗೆಯಬೇಕು. ಚೆಂಡುಹೂವಿನ ಗಾಢ ಕಿತ್ತಳೆ ಡಿಜಿಟಲ್ ಸೆನ್ಸರ್‌ನ ಕೆಂಪು ಚಾನೆಲ್ಲನ್ನು ಬೇಗ ತುಂಬಿಬಿಡುವುದರಿಂದ ದಳಗಳ ಗೆರೆ ಅಳಿಸಿಹೋಗುತ್ತದೆ; ಅಲ್ಲಿಯೂ ತುಸು ಕಡಿಮೆ ಬೆಳಕು ಲೇಸು. ಮನೆಯೊಳಗೆ ಟ್ಯೂಬ್‌ಲೈಟ್ ಕೆಳಗೆ ತೆಗೆಯುವಾಗ ಕಾಣುವ ಪಟ್ಟೆಗಳಿಗೆ ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಆವರ್ತನ ಕಾರಣ. ಷಟರ್ ವೇಗವನ್ನು ಸೆಕೆಂಡಿನ 1/50ಕ್ಕೋ 1/100ಕ್ಕೋ ಇಟ್ಟರೆ ಅವು ಮಾಯ.

ನಿಧಾನಗತಿಯನ್ನು ವಿದ್ಯಾರ್ಥಿಗಳು ಅತಿಯಾಗಿ ಬಳಸುತ್ತಾರೆ. ಸೆಕೆಂಡಿಗೆ 120 ಫ್ರೇಮು ತೆಗೆದು 24ರಲ್ಲಿ ತೋರಿಸಿದರೆ ಚಲನೆ ಐದು ಪಟ್ಟು ಹಿಗ್ಗುತ್ತದೆ; ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಆಯಿತು. ಪುಟ್ಟಣ್ಣ ಕಣಗಾಲರು 1972ರ ‘ನಾಗರಹಾವು’ ಚಿತ್ರದಲ್ಲಿ ಇಡೀ ಹಾಡೊಂದನ್ನು ನಿಧಾನಗತಿಯಲ್ಲಿ ತೆಗೆದಾಗ ಅದು ಪ್ರೇಮದ ಅಮಲಿನ ಗತಿಯಾಗಿತ್ತು. ಕಾರಣವಿಲ್ಲದೆ ಬಸ್ಸಿನಿಂದ ಇಳಿಯುವವನನ್ನೂ ತೇಲಿಸಿದರೆ ನೋಡುಗ ಗಡಿಯಾರ ನೋಡುತ್ತಾನೆ.

ದಿಕ್ಕಿನ ವಿಚಾರ ಬೇಗ ಹೇಳಿಬಿಡಬಹುದು. ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ಬಸ್ಸು ಮೊದಲ ಶಾಟಿನಲ್ಲಿ ಎಡದಿಂದ ಬಲಕ್ಕೆ ಚಲಿಸಿದರೆ ಊರು ತಲುಪುವವರೆಗೂ ಹಾಗೆಯೇ ಚಲಿಸಬೇಕು. ರಸ್ತೆಯ ಆಚೆ ಬದಿಗೆ ದಾಟಿ ಕ್ಯಾಮೆರಾ ಇಟ್ಟರೆ ಬಸ್ಸಿನಲ್ಲಿರುವ ಹುಡುಗ ಮನೆಗೆ ಮರಳುತ್ತಿದ್ದಾನೆಂದು ಪ್ರೇಕ್ಷಕ ತಿಳಿಯುತ್ತಾನೆ. 180 ಡಿಗ್ರಿ ನಿಯಮವೆಂದರೆ ಇಷ್ಟೇ. ಗೊಂದಲವೇ ಬೇಕಾದ ಕಡೆ ಅದನ್ನು ಮುರಿಯಲೂಬಹುದು.

ಆನೆ ಮತ್ತು ರೈತ ಒಂದೇ ಫ್ರೇಮಿನಲ್ಲಿ?

ಕಾಡಂಚಿನ ಹಳ್ಳಿಗಳ ವಿದ್ಯಾರ್ಥಿ ಆನೆ ಹಾವಳಿಯ ಮೇಲೆ ಚಿತ್ರ ಮಾಡಹೊರಟರೆ ಸಿನಿಮಾ ಸಿದ್ಧಾಂತದ ಹಳೆಯ ಜಗಳವೊಂದರ ನಡುವೆ ಸಿಕ್ಕಿಕೊಳ್ಳುತ್ತಾನೆ. ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್ ಮೊದಲಾದವರಿಗೆ ಅರ್ಥ ಹುಟ್ಟುವುದು ಶಾಟುಗಳ ಘರ್ಷಣೆಯಲ್ಲಿ. ಅವರ ದಾರಿಯಲ್ಲಿ ಹೋದರೆ ಎಲ್ಲೋ ತೆಗೆದ ಆನೆ, ಇನ್ನೆಲ್ಲೋ ತೆಗೆದ ಬೆದರಿದ ಮುಖ, ಎರಡನ್ನು ಕೂಡಿಸಿ ಮುಖಾಮುಖಿಯನ್ನು ಸೃಷ್ಟಿಸಬಹುದು. ಫ್ರೆಂಚ್ ವಿಮರ್ಶಕ ಆಂದ್ರೆ ಬಾಜಾಂ ಇದನ್ನು ಒಪ್ಪಲಿಲ್ಲ. ಆಫ್ರಿಕಾದಲ್ಲಿ ನಡೆಯುವ 1951ರ ಇಂಗ್ಲಿಷ್ ಚಿತ್ರವೊಂದರಲ್ಲಿ ಸಿಂಹದ ಮರಿಯನ್ನೆತ್ತಿಕೊಂಡ ಮಗು, ಹಿಂದೆ ಬರುವ ತಾಯಿಸಿಂಹ, ಹೆತ್ತವರು ಎಲ್ಲರೂ ಕೊನೆಗೆ ಒಂದೇ ಶಾಟಿನಲ್ಲಿ ಕಾಣುತ್ತಾರೆ. ಆ ಕ್ಷಣದಿಂದ ಮಾತ್ರ ಹಿಂದಿನದೆಲ್ಲ ನಿಜವಾಯಿತೆಂದು ಬಾಜಾಂ ವಾದಿಸಿದ. ಅಪಾಯವೇ ಕಥೆಯ ತಿರುಳಾದಾಗ ಕತ್ತರಿ ಹಾಕುವುದು ಮೋಸ ಎಂಬುದು ಆತನ ನಿಲುವು.

ಆದರೆ ಆನೆಯನ್ನೂ ರೈತನನ್ನೂ ಒಂದೇ ಫ್ರೇಮಿಗೆ ತರುವುದು ಇಲ್ಲಿ ಜೀವಕ್ಕೆ ಅಪಾಯ, ಕಾನೂನಿಗೂ ವಿರೋಧ. ಮೂರನೆಯ ದಾರಿಯೇ ಉತ್ತಮವೆಂದು ತೋರುತ್ತದೆ: ಆನೆಯನ್ನು ತೋರಿಸದಿರುವುದು. ಮುರಿದ ಬೇಲಿ, ತುಳಿದ ಬಾಳೆ, ಅಟ್ಟಣೆಯ ಮೇಲಿನ ಟಾರ್ಚು, ಕತ್ತಲಲ್ಲಿ ಕೊಂಬೆ ಲಟಕ್ಕೆನ್ನುವ ಸದ್ದು, ದೂರದ ತಮಟೆ ಇಷ್ಟಿದ್ದರೆ ಫ್ರೇಮಿನ ಹೊರಗಿನ ಆನೆ ಪರದೆಯ ಮೇಲಿನ ಆನೆಗಿಂತ ದೊಡ್ಡದಾಗುತ್ತದೆ. ಇಲ್ಲಿ ಅರ್ಥದ ಅರ್ಧ ಕೆಲಸ ಶಬ್ದದ್ದು. ಮುಂದಿನ ದೃಶ್ಯದ ಸದ್ದನ್ನು ಹಿಂದಿನ ದೃಶ್ಯದ ಕೊನೆಯಲ್ಲೇ ಕೇಳಿಸುವ ಜೆ-ಕಟ್ ಇಂಥ ಕಡೆ ಬಹಳ ಉಪಯುಕ್ತ. ಪ್ರತಿ ಸ್ಥಳದಲ್ಲೂ ಅರ್ಧ ನಿಮಿಷ ಸುಮ್ಮನೆ ನಿಂತು ಅಲ್ಲಿನ ಮೌನವನ್ನು ದಾಖಲಿಸಿಕೊಂಡವರಿಗೆ ಸಂಕಲನದ ಮೇಜಿನಲ್ಲಿ ತೊಂದರೆ ಕಡಿಮೆ.

ಬಾಜಾಂನ ಮಾತು ಈ ಸೀಮೆಯಲ್ಲಿ ಪೂರ್ತಿ ಹೊಂದುವುದು ಕಂಸಾಳೆಗೆ. ಮಲೆ ಮಹದೇಶ್ವರನ ಭಕ್ತರಾದ ಮಾದಪ್ಪನ ಗುಡ್ಡರು ಒಂದು ಕೈಯಲ್ಲಿ ಬಟ್ಟಲು ಹಿಡಿದು, ಇನ್ನೊಂದು ಕೈಯ ದಾರಕ್ಕೆ ಕಟ್ಟಿದ ಕಂಚಿನ ಹಲಗೆಯನ್ನು ಮೈಸುತ್ತ ಬೀಸಿ ತಾಳ ತಪ್ಪದೆ ಬಡಿಯುತ್ತಾರೆ. ಪ್ರತಿ ಬಡಿತಕ್ಕೊಂದು ಕಟ್ ಇಟ್ಟು ರೀಲ್ಸ್ ವೇಗಕ್ಕೆ ತಂದ ತುಣುಕುಗಳಲ್ಲಿ ಆ ಕೌಶಲ ಕಾಣುವುದೇ ಇಲ್ಲ. ಹಲಗೆ ನಿಜವಾಗಿ ಬಟ್ಟಲಿಗೆ ಬಡಿಯಿತೋ ಕತ್ತರಿ ಬಡಿಸಿತೋ ಎಂಬ ಅನುಮಾನ ಉಳಿಯುತ್ತದೆ. ಪಾದದಿಂದ ತಲೆಯವರೆಗೆ ಇಡೀ ಮೈ ಹಿಡಿಯುವ, ಒಂದೆರಡು ನಿಮಿಷ ಕತ್ತರಿಸದ ಶಾಟು ಬೇಕು. ಅಮೆರಿಕದ ಸಂಕಲನಕಾರ ವಾಲ್ಟರ್ ಮರ್ಚ್ ಒಳ್ಳೆಯ ಕಟ್‌ಗೆ ಆರು ಮಾನದಂಡ ಕೊಟ್ಟು, ಅದರಲ್ಲಿ ಭಾವಕ್ಕೆ ಶೇ 51, ಕಥೆಗೆ 23, ಲಯಕ್ಕೆ ಬರಿಯ 10 ಎಂದು ತೂಕ ಹಾಕಿದ್ದಾರೆ. ಲಯವೊಂದನ್ನೇ ಹಿಂಬಾಲಿಸುವ ಸಂಕಲನ ಕಂಸಾಳೆಯ ಲಯವನ್ನೂ ಉಳಿಸಿಕೊಳ್ಳುವುದಿಲ್ಲ.

ಚಿತ್ರೀಕರಣದ ನಿರ್ಬಂಧಗಳು

ಬಂಡೀಪುರ ಮತ್ತು ಬಿಳಿಗಿರಿರಂಗನಬೆಟ್ಟ ಹುಲಿ ಸಂರಕ್ಷಿತ ಪ್ರದೇಶಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಲ್ಲಿ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲವಾದ್ದರಿಂದ ಸಲಕರಣೆಯನ್ನು ತಪ್ಪಲಿನಿಂದ ಸಾರಿಗೆ ಬಸ್ಸಿನಲ್ಲೇ ಒಯ್ಯಬೇಕು. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ ನಿಷೇಧವಿದೆ.