ಕೊಳಚೆಯ ಗೊಬ್ಬರ, ಕೊಳಚೆಯ ಅನಿಲ

ಊರ ಕೊಳಚೆಯಿಂದ ಗೊಬ್ಬರವನ್ನೂ ಇಂಧನವನ್ನೂ ಪಡೆಯುವ ಪ್ರಯತ್ನ ಇಂದು ನೆನ್ನೆಯದಲ್ಲ. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಡೊನಾಲ್ಡ್ ಕ್ಯಾಮರಾನ್ 1895ರಲ್ಲಿ ಕಟ್ಟಿಸಿದ ಸೆಪ್ಟಿಕ್ ಟ್ಯಾಂಕಿನ ಅನಿಲದಿಂದ ಆ ಆವರಣದಲ್ಲೇ ದೀಪ ಉರಿಯಿತು. ಮುಂಬಯಿಯ ಮಾಟುಂಗಾದಲ್ಲಿದ್ದ ಕುಷ್ಠರೋಗಿಗಳ ಆಶ್ರಮಕ್ಕೂ 1897ರ ಹೊತ್ತಿಗೆ ಅಂಥದೇ ಏರ್ಪಾಡು ಬಂತು.

ಆಮೇಲೆ ದಾರಿ ಬದಲಾಯಿತು. ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕೊಳಚೆಗೆ ಗಾಳಿ ಊದಿ, ತಳಕ್ಕಿಳಿದ ಸೂಕ್ಷ್ಮಜೀವಿಗಳ ಕೆಸರನ್ನು ಹೊಸ ಕೊಳಚೆಗೆ ಮತ್ತೆ ಬೆರೆಸಬೇಕು. ಮೊದಲ ಸಲ ಐದು ವಾರ ಹಿಡಿದ ಶುದ್ಧೀಕರಣ, ಕೆಸರು ಕೂಡುತ್ತ ಹೋದಂತೆ ಒಂದೇ ದಿನಕ್ಕಿಳಿಯಿತು. ಜಗತ್ತಿನ ನಗರಗಳು ಒಪ್ಪಿಕೊಂಡದ್ದು ಇದನ್ನೇ. ಆದರೆ ಇದು ಇಂಧನ ಕೊಡುವುದಕ್ಕಿಂತ ಹೆಚ್ಚಾಗಿ ವಿದ್ಯುತ್ತು ನುಂಗುವ ವಿಧಾನ.

ಈ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದರು. ಕೊಳಚೆಯಲ್ಲಿ ಪೋಲಾಗುವ ಸಾರಜನಕವನ್ನು ಹೊಲಕ್ಕೆ ಮರಳಿಸುವುದು ಅವರಿಗೆ ಬಹುಕಾಲದ ಆಸಕ್ತಿಯ ವಿಷಯ. ಅದೇ ಸಂಸ್ಥೆಯಲ್ಲಿ 1930ರ ದಶಕದ ಕೊನೆಗೆ ಸಿ. ಎನ್. ಆಚಾರ್ಯ ರೂಪಿಸಿದ ಕಾಂಪೋಸ್ಟ್ ಪದ್ಧತಿಗೆ ಬೆಂಗಳೂರಿನ ಹೆಸರೇ ಉಳಿದಿದೆ. ಸುಮಾರು ಒಂದು ಮೀಟರ್ ಆಳದ ಗುಂಡಿಯಲ್ಲಿ ಕಸ ಒಂದು ಪದರ, ಮಲ ಒಂದು ಪದರ ಹಾಕುತ್ತ ಬಂದು, ಮೇಲೆ ಮಣ್ಣು ಮೆತ್ತುತ್ತಾರೆ. ಆಲ್ಬರ್ಟ್ ಹೋವರ್ಡ್ ಅವರ ಇಂದೋರ್ ಪದ್ಧತಿಯಲ್ಲಿ ರಾಶಿಯನ್ನು ಆಗಾಗ ತಿರುವಿಹಾಕಬೇಕು. ಇಲ್ಲಿ ಆ ಕೆಲಸವಿಲ್ಲ, ಸಾರಜನಕವೂ ಕಡಿಮೆ ನಷ್ಟವಾಗುತ್ತದೆ. ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರ ಸಿದ್ಧ.

ಇದು ಅಗ್ಗದ ಪದ್ಧತಿಯೆಂದು ಹೆಸರಾಯಿತು. ಆ ಅಗ್ಗದ ಹಿಂದೆ ಮಲವನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದವರ ದುಡಿಮೆಯಿತ್ತು. ಅದು ಜಾತಿ ಹೊರಿಸಿದ ಹೊರೆ. ಕರ್ನಾಟಕದಲ್ಲಿ 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮಲ ಹೊರುವುದನ್ನು ನಿಷೇಧಿಸಿದರು. ಒಳಚರಂಡಿಗಳು ಹರಡಿದಂತೆ ಮಲ ನೀರಿನಲ್ಲಿ ತೆಳುವಾಗಿ ಹರಿದುಹೋಗತೊಡಗಿತು, ಗುಂಡಿಯ ಗೊಬ್ಬರಕ್ಕೆ ಅದು ಸಿಗದಾಯಿತು.

ಇಂಥ ತೆಳು ಕೊಳಚೆಯಿಂದಲೂ ಅನಿಲ ತೆಗೆಯುವ ಉಪಾಯವನ್ನು ನೆದರ್ಲೆಂಡ್ಸಿನ ಗಾಟ್ಜೆ ಲೆಟಿಂಗಾ 1970ರ ದಶಕದಲ್ಲಿ ಕಂಡುಕೊಂಡರು. ನೀರು ಕೆಳಗಿನಿಂದ ಮೇಲೇರುವಾಗ ಗಾಳಿ ಬೇಡದ ಜೀವಿಗಳ ದಟ್ಟ ಕೆಸರನ್ನು ಹಾಯುತ್ತದೆ. ಮೀಥೇನ್ ಮೇಲೆ ಸಂಗ್ರಹವಾಗುತ್ತದೆ. ಗಂಗೆಯ ಶುದ್ಧೀಕರಣ ಯೋಜನೆಯಲ್ಲಿ ಕಾನ್ಪುರದ ಜಾಜ್‌ಮವು ಬಳಿ ಇಂಥ ಪ್ರಾಯೋಗಿಕ ಘಟಕ 1989ರಲ್ಲಿ ಆರಂಭವಾಯಿತು. ದಿನಕ್ಕೆ 50 ಲಕ್ಷ ಲೀಟರ್ ಅದರ ಸಾಮರ್ಥ್ಯ. ಹೊರಬರುವ ನೀರನ್ನು ಇನ್ನೊಮ್ಮೆ ಶುದ್ಧಗೊಳಿಸದೆ ನದಿಗೆ ಬಿಡುವಂತಿಲ್ಲ ಎಂಬುದು ಈ ವಿಧಾನದ ಮಿತಿ.