ಬಳ್ಳಿಯಿಲ್ಲದ ನಾಡಿನಲ್ಲಿ ಬೆತ್ತ

ಆಳಂದ ತಾಲೂಕಿನ ಹಿರೋಳ್ಳಿಯ ಸುತ್ತಲ ಎರೆಭೂಮಿಯಲ್ಲಿ ತೊಗರಿಯುಂಟು, ಜೋಳವುಂಟು, ಬದುವಿನ ಮೇಲೆ ಜಾಲಿಯೂ ಬೇವೂ ಉಂಟು. ಬೆತ್ತದ ಬಳ್ಳಿ ಮಾತ್ರ ಇಲ್ಲ. ಎಡೆಬಿಡದ ತೇವವನ್ನೂ ಹಿರಿಯ ಮರಗಳ ಆಸರೆಯನ್ನೂ ಬೇಡುವ ಆ ಸಸ್ಯಕ್ಕೆ ಈ ಬಯಲುಸೀಮೆ ಪರದೇಶವೇ ಸರಿ. ಆದರೂ ಬೆತ್ತವೆಂದರೇನೆಂಬುದನ್ನು ಇಲ್ಲಿ ಯಾವ ಬಾಲಕನಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಸಂಸ್ಕೃತದ ವೇತ್ರವೇ ನಮ್ಮ ಬೆತ್ತ. ವರ್ಣವು ಬಣ್ಣವಾದ, ವೃಷಭನು ಬಸವನಾದ ಹಾದಿಯಲ್ಲಿಯೇ ಅದೂ ನಡೆದುಬಂದಿತು. ಸಮೀಪದ ಗಡಿಯಾಚೆಯ ಮರಾಠಿಯಲ್ಲಿ ಅದು ವೇತ. ಕಾವ್ಯನಾಟಕಗಳಲ್ಲಿ ಈ ಶಬ್ದವು ಅರಣ್ಯದಲ್ಲಿ ಸುಳಿದಾಡಿದ್ದಕ್ಕಿಂತ ಅರಮನೆಯ ಬಾಗಿಲಲ್ಲಿ ನಿಂತುದೇ ಹೆಚ್ಚೆಂದು ನನಗೆ ತೋರುತ್ತದೆ. ದ್ವಾರಪಾಲಕನು ವೇತ್ರಧರ, ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನ ಪ್ರತೀಹಾರಿಯ ಹೆಸರೇ ವೇತ್ರವತಿ. ಹೀಗೆ ಅಧಿಕಾರದ ಕೈಹಿಡಿದೇ ಹೊರಟ ಶಬ್ದ, ಬಳ್ಳಿಯನ್ನು ಹಿಂದೆ ಬಿಟ್ಟು, ಬಳ್ಳಿ ಬೆಳೆಯದ ನಾಡುಗಳಿಗೂ ಬಂದು ನೆಲಸಿತು.

ಇಲ್ಲಿ ಅದನ್ನು ಹಿಡಿದವರು ಭಿಕ್ಷೆಗೆ ಬರುವ ಜಂಗಮಯ್ಯನವರು ಮತ್ತು ಸಾಲಿಯ ಮಾಸ್ತರರು. ಜಂಗಮರ ಬೆತ್ತಕ್ಕೆ ಜನ ಕೈಮುಗಿದರು. ಮಾಸ್ತರರ ಬೆತ್ತಕ್ಕೆ ಕೈಯೊಡ್ಡಿದರು. ಸಾಲಿಯ ಈ ಬೆತ್ತ, ಇಲ್ಲಿಯವರ ಬಾಯಲ್ಲಿ ಛಡಿ, ಎಷ್ಟೋ ವೇಳೆ ಹತ್ತಿರದ ಬೇವಿನಿಂದ ಮುರಿದುಕೊಂಡ ಬರಲು. ಆದರೂ ಬೀಳುವ ಏಟು ಬೆತ್ತದೇಟೇ. ಬ್ರಿಟಿಷ್ ಸರಕಾರವಾದರೋ ಅಂಥ ಶಿಥಿಲತೆಯನ್ನು ಸಹಿಸಲಿಲ್ಲ: 1898ರ ದಂಡ ಪ್ರಕ್ರಿಯಾ ಸಂಹಿತೆಯು ವಯಸ್ಕ ಅಪರಾಧಿಗಳನ್ನು ಹೊಡೆಯುವ ಬೆತ್ತ ಹಗುರವಾಗಿರಬೇಕೆಂದೂ, ಅರ್ಧ ಅಂಗುಲಕ್ಕಿಂತ ಕಡಿಮೆ ದಪ್ಪವಿರಬಾರದೆಂದೂ ಅಳತೆಯಿಟ್ಟು ವಿಧಿಸಿತ್ತು. ಆ ಶಿಕ್ಷೆ 1955ರ ಶಾಸನದಿಂದ ರದ್ದಾಯಿತು. ಶಾಲೆಯ ಏಟು 2009ರ ಶಿಕ್ಷಣ ಹಕ್ಕಿನ ಕಾಯಿದೆಯವರೆಗೆ ಕಾದಿತು.

ಇಷ್ಟೆಲ್ಲ ಅಪಕೀರ್ತಿಯನ್ನು ಹೊತ್ತ ಸಸ್ಯವು ಸ್ವಭಾವದಲ್ಲಿ ಪರಾವಲಂಬಿ. ತೆಂಗು ಅಡಿಕೆಗಳ ಕುಲದಲ್ಲಿಯೇ ಹುಟ್ಟಿಯೂ ನೆಟ್ಟಗೆ ನಿಲ್ಲುವ ಶಕ್ತಿಯಿಲ್ಲದೆ, ಕೊಕ್ಕೆಮುಳ್ಳುಗಳ ನೀಳ ಎಳೆಗಳನ್ನು ಚಾಚಿ, ಸಿಕ್ಕ ಕೊಂಬೆಯನ್ನು ಹಿಡಿದು, ಮರದ ನೆತ್ತಿಗೇರುತ್ತದೆ. ಹೊರಗಿನ ಮುಳ್ಳಿನ ಕವಚವನ್ನು ಸುಲಿದರೆ ಒಳಗಿನ ಕಾಂಡ ನುಣುಪು. ಬಿದಿರಿನಂತೆ ಟೊಳ್ಳಲ್ಲ, ಗಟ್ಟಿ. ಕಾಯಿಸಿದರೆ ಮಣಿಯುತ್ತದೆ, ಆರಿದ ಮೇಲೆ ಮಣಿದ ಆಕಾರವನ್ನೇ ಉಳಿಸಿಕೊಳ್ಳುತ್ತದೆ. ಕುರ್ಚಿಯ ತೋಳೂ ತೊಟ್ಟಿಲ ಅಂಚೂ ಈ ಗುಣದ ಫಲ. ಸಿಪ್ಪೆಯನ್ನು ಪಟ್ಟಿಯಾಗಿ ಸೀಳಿ ಆಸನವನ್ನು ಹೆಣೆಯುತ್ತಾರೆ. ಬೆರಳಿನ ಸ್ಪರ್ಶವನ್ನೇ ನೆಚ್ಚಿ ಮಾಡಬಹುದಾದ ಈ ಕಸುಬನ್ನು ಅಂಧರ ಶಾಲೆಗಳು ಬಹುಕಾಲ ಕಲಿಸಿದವು. ಒಂದೇ ಶಬ್ದವು ಕಛೇರಿಯ ಸಾಹೇಬರಿಗೆ ಆಸನವಾಗಿ, ಎದುರು ನಿಂತವನಿಗೆ ಏಟಾಗಿ ದುಡಿಯಿತು.

ಕೊಡಗು, ದಕ್ಷಿಣ ಕನ್ನಡಗಳ ನಿತ್ಯಹರಿದ್ವರ್ಣದ ಕಾಡುಗಳಲ್ಲಿ ಇದಕ್ಕೆ ಬೇರೆ ಮರ್ಯಾದೆ. ಅಲ್ಲಿ ಹಂದಿಬೆತ್ತವೆಂದೂ ನಾಗಬೆತ್ತವೆಂದೂ ಜಾತಿಯರಿತು ಕರೆಯುತ್ತಾರೆ. ಪಶ್ಚಿಮಘಟ್ಟದ ಹೊರಗೆಲ್ಲೂ ಬೆಳೆಯದ ಈ ನಾಗಬೆತ್ತಕ್ಕೆ 1970ರಲ್ಲಿ ಶಾಸ್ತ್ರೀಯ ನಾಮಕರಣವಾದಾಗ, ಸಸ್ಯಶಾಸ್ತ್ರಜ್ಞರು ಜನರಿಟ್ಟ ಹೆಸರನ್ನೇ ಎತ್ತಿಕೊಂಡು ‘ಕಲಾಮಸ್ ನಾಗ್‌ಬೆತ್ತೈ’ ಎಂದರು. ವೇತ್ರವು ಕನ್ನಡದಲ್ಲಿ ತದ್ಭವವಾಯಿತು. ಆ ತದ್ಭವ ಲ್ಯಾಟಿನ್ನಿನ ಪಂಕ್ತಿಯಲ್ಲಿ ಕುಳಿತಿತು. ವೈಯಾಕರಣರು ಈ ಮೂರನೆಯ ಜನ್ಮಕ್ಕೆ ಹೆಸರಿಟ್ಟಿಲ್ಲ.

ನಮ್ಮ ಬಯಲುಸೀಮೆಯಲ್ಲಿ ಹೆಣಿಗೆಯೆಂದರೆ ಬಿದಿರಿನದು. ಹನ್ನೆರಡನೆಯ ಶತಮಾನದ ಮೇದಾರ ಕೇತಯ್ಯ ಶರಣನ ಕಾಯಕವೂ ಅದೇ. ಬುಟ್ಟಿ, ಮೊರಗಳನ್ನು ಕೊಡುವ ಬಿದಿರು ಮನೆಯೊಳಗೆ ಬಂದಿತು; ಬೆತ್ತ ಸಾಲಿ, ಕಛೇರಿಗಳಲ್ಲಿ ಉಳಿಯಿತು. ಈಗ ಪ್ಲಾಸ್ಟಿಕ್ ಎಳೆಗಳಿಂದ ಹೆಣೆದ ಕುರ್ಚಿಯನ್ನೂ ಬೆತ್ತದ ಕುರ್ಚಿಯೆಂದೇ ಮಾರುತ್ತಾರೆ. ಮಲೆನಾಡಿನ ಹೆಣಿಗೆಯವನು ಇದಕ್ಕೆ ಸಿಡಿಮಿಡಿಗೊಂಡರೆ ಅದು ನ್ಯಾಯ. ಬೇವಿನ ಬರಲಿಗೆ ಅದೇ ಹೆಸರಿಟ್ಟು ಏಟು ತಿಂದ ನಮಗೆ ಆಕ್ಷೇಪಿಸುವ ಬಾಯಿ ಎಲ್ಲಿದೆ?